ಹೆಸರು ಹೇಳದೆ ಹೋದವರು



ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ದಿನ ಅತ್ತಿಮಬ್ಬೆಯ ವಿಷಯ ಹೇಳುತ್ತಿದ್ದೆ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದ ಮಹಾತಾಯಿ ಆಕೆ. ರನ್ನ ತನ್ನ ಅಜಿತಪುರಾಣವನ್ನು ಬರೆದದ್ದೂ ಆಕೆಯ ಆಶ್ರಯದಲ್ಲಿಯೇ. ಮಾತು ಅಲ್ಲಿಂದ ಪಂಪನ ಕಡೆಗೆ ಹರಿಯಿತು. ಅರಿಕೇಸರಿ ಅವನಿಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟದ್ದು, ಕೊಟ್ಟವರ ಹೆಸರುಗಳು ಕಾವ್ಯದಲ್ಲಿಯೂ ಕಲ್ಲಿನಲ್ಲಿಯೂ ನಿಂತದ್ದು, ಎಲ್ಲವನ್ನೂ ಕೊಂಚ ಏರಿದ ದನಿಯಲ್ಲಿಯೇ ಹೇಳಿದೆನೆನ್ನಿ. ಕನ್ನಡ ಪಂಡಿತರಿಗೆ ಆ ಚಾಳಿ ಉಂಟು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸಾರ್, ಇವ್ರೆಲ್ಲ ದೊಡ್ಡೋರು, ಕೊಟ್ಟಿದ್ದು ಬರೆದಿಟ್ರು. ಹೆಸರಿಲ್ಲದೋರು ಯಾರೂ ಯಾರಿಗೂ ಏನೂ ಕೊಡ್ಲೇ ಇಲ್ವಾ ಸಾರ್?"

ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಬದುಕಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಹೊತ್ತು ನಿಮ್ಮೆಲ್ಲರ ಎದುರಿಗೆ ಆ ಹುಡುಗನಿಗೆ ಉತ್ತರ ಹೇಳಬೇಕೆಂದು ಹೊರಟಿದ್ದೇನೆ.

ನಮ್ಮಲ್ಲಿ ಹಾಡುವವರ ಬಾಳು ಬಹುಮಟ್ಟಿಗೆ ಕಷ್ಟದ ಬಾಳು. ಅರಮನೆಯ ಆಸ್ಥಾನ ವಿದ್ವಾಂಸರ ಮಾತು ಬೇರೆ. ಉಳಿದವರು ಊರೂರು ತಿರುಗಿ ಹಾಡಿದರು, ಊರೂರು ಅವರಿಗೆ ಅನ್ನವಿಕ್ಕಿತು. ಹೀಗೆ ಅನ್ನವಿಕ್ಕಿದವರು ಯಾರು? ಬಹಳ ಸಲ ಗುರುತಿಲ್ಲದವರು. ಮತ್ತೆ ಮುಖ ಕಾಣದವರು.

ಪಂಡಿತ ಭೀಮಸೇನ ಜೋಶಿಯವರ ಕಥೆಯನ್ನು ನೀವು ಕೇಳಿರಬಹುದು. ಗದಗಿನ ಹುಡುಗ, ನನ್ನಂತೆಯೇ ಉಪಾಧ್ಯಾಯರಾಗಿದ್ದವರೊಬ್ಬರ ಮಗ. 1933ರಲ್ಲಿ, ಹನ್ನೊಂದು ವರ್ಷದ ಪ್ರಾಯದಲ್ಲಿ, ಗುರುವನ್ನು ಹುಡುಕಿಕೊಂಡು ಯಾರಿಗೂ ಹೇಳದೆ ಮನೆ ಬಿಟ್ಟ. ಕಿಸೆಯಲ್ಲಿ ಕಾಸಿಲ್ಲ, ಕೈಯಲ್ಲಿ ರೈಲಿನ ಟಿಕೆಟ್ಟಿಲ್ಲ. ಇದ್ದದ್ದು ಒಂದು ಗಂಟಲು ಮಾತ್ರ. ರೈಲಿನಲ್ಲಿ ಹಾಡುವುದು, ಕೇಳಿದ ಪ್ರಯಾಣಿಕರು ಕೊಟ್ಟದ್ದನ್ನು ತಿನ್ನುವುದು, ಅವರು ಕೊಟ್ಟ ದುಡ್ಡಿನಿಂದ ಮುಂದಿನ ಊರನ್ನು ಸೇರುವುದು. ಹೀಗೆ ಪುಣೆ, ಗ್ವಾಲಿಯರು ಎಂದು ಅಲೆದು, ಎಷ್ಟೋ ಊರುಗಳನ್ನು ದಾಟಿ, ಕೊನೆಗೆ ಪಂಜಾಬಿನ ಜಲಂಧರದವರೆಗೂ ಹೋದ. ನಿನ್ನ ಗುರು ನಿನ್ನ ಸೀಮೆಯಲ್ಲಿಯೇ ಇದ್ದಾರೆ ಎಂದು ಅಲ್ಲಿ ಹಿರಿಯರೊಬ್ಬರು ತಿಳಿಸಿದರು. ಹುಡುಗ ಹಿಂದಿರುಗಿ ಬಂದು 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದ. ಮುಂದಿನದು ನಿಮಗೆ ಗೊತ್ತೇ ಇದೆ. 2008ರಲ್ಲಿ ಭಾರತರತ್ನ ಬಂತು. 2011ರಲ್ಲಿ ಅವರು ತೀರಿಕೊಂಡರು.

ನಾನು ನಿಲ್ಲುವುದು ಆ ರೈಲಿನ ಡಬ್ಬಿಯಲ್ಲಿ. ಅಂದು ಬುತ್ತಿ ಬಿಚ್ಚಿ ಆ ಹುಡುಗನಿಗೊಂದು ತುತ್ತು ಕೊಟ್ಟ ಹೆಂಗಸು ಯಾರು? ಅವನ ಕೈಗೆ ಒಂದಾಣೆ ಹಾಕಿ ತನ್ನ ನಿಲ್ದಾಣದಲ್ಲಿ ಇಳಿದು ಹೋದ ವ್ಯಾಪಾರಿ ಯಾರು? ತಾವು ಯಾರಿಗೆ ಕೊಟ್ಟೆವೆಂಬುದು ಅವರಿಗೆ ಸಾಯುವತನಕವೂ ತಿಳಿದಿರಲಾರದು. ಯಾರೋ ದಿಕ್ಕಿಲ್ಲದ ಹುಡುಗ, ಚೆನ್ನಾಗಿ ಹಾಡಿದ, ಹಸಿದಿದ್ದಾನೆ. ಅಷ್ಟೇ ಅವರ ಲೆಕ್ಕ.

ಇನ್ನೊಂದು ಉದಾಹರಣೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳದು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಈ ಕುರುಡು ಬಾಲಕನಿಗೆ ಹಾನಗಲ್ಲಿನ ಕುಮಾರಸ್ವಾಮಿಗಳು ಸಂಗೀತದ ದಾರಿ ತೋರಿದರು. ಮುಂದೆ ಅವರು ತಮ್ಮಂತಹ ಅಂಧ ಮಕ್ಕಳನ್ನು ಕಟ್ಟಿಕೊಂಡು ಸಂಚಾರಿ ಪಾಠಶಾಲೆಯೊಂದನ್ನು ನಡೆಸಿದರು. ಶಾಲೆಗೆ ಗೋಡೆಯಿಲ್ಲ, ಗುರುವಿಗೂ ಕಣ್ಣಿಲ್ಲ, ಶಿಷ್ಯರಿಗೂ ಕಣ್ಣಿಲ್ಲ. ಇಂದು ಈ ಊರು, ನಾಳೆ ಆ ಊರು. ಅವರಿಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರು ನೆಲೆಯೊದಗಿಸಿದರು. ವೀರೇಶ್ವರ ಪುಣ್ಯಾಶ್ರಮ ಅಲ್ಲಿ ಬೇರೂರಿತು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ಸಾಕಿ ಬೆಳೆಸಿದರು. ವೀರಪ್ಪನವರ ಹೆಸರೇನೋ ಉಳಿದಿದೆ. ಆದರೆ ನೆಲೆ ಸಿಕ್ಕುವುದಕ್ಕೆ ಮೊದಲು, ಆ ಮಕ್ಕಳಿಗೆ ಊರೂರಲ್ಲಿ ಜೋಳದ ರೊಟ್ಟಿ ಬಡಿದು ಕೊಟ್ಟ ಗೃಹಿಣಿಯರ ಹೆಸರನ್ನು ಯಾವ ಶಾಸನದಲ್ಲಿ ಹುಡುಕೋಣ?

"ಮೇಷ್ಟ್ರೇ, ಇವರೆಲ್ಲ ಮುಂದೆ ದೊಡ್ಡವರಾದರು, ಕೊಟ್ಟದ್ದು ಸಾರ್ಥಕವಾಯಿತು" ಎಂದು ನೀವು ಹೇಳಬಹುದು. ಹೌದು. ಹಾಗಾದರೆ ಮುಂದೆಯೂ ದೊಡ್ಡವರಾಗದೆ, ಇದ್ದಂತೆಯೇ ಉಳಿದು, ಇದ್ದಂತೆಯೇ ಹಾಡಿಕೊಂಡಿರುವವರಿಗೆ ಕೊಡುವವರು ಯಾರು? ಅದನ್ನು ನಾನು ಪುಸ್ತಕದಲ್ಲಿ ಓದಲಿಲ್ಲ. ನಮ್ಮ ಮಾದನಾಯಕನಹಳ್ಳಿಯಲ್ಲಿಯೇ ಕಂಡೆ. ಕಂಡದ್ದರಲ್ಲಿ ನನಗೆ ನಾಚಿಕೆ ತರುವ ಭಾಗವೂ ಸ್ವಲ್ಪವಿದೆ. ಅದನ್ನೂ ಬಚ್ಚಿಡದೆ ಹೇಳುತ್ತೇನೆ.

ಮಾದನಾಯಕನಹಳ್ಳಿ ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಪೀಣ್ಯ ದಾಟಿ, ಮಾದಾವರ ದಾಟಿದರೆ ನಮ್ಮೂರು, ಮುಂದೆ ನೆಲಮಂಗಲ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಗೋದಾಮುಗಳೂ ಕಾರ್ಖಾನೆಗಳೂ ಎದ್ದಿವೆ. ಹಗಲಿರುಳೂ ಲಾರಿಗಳ ಸದ್ದು. 2024ರ ನವೆಂಬರಿನಲ್ಲಿ ಮೆಟ್ರೋ ರೈಲು ಮಾದಾವರದವರೆಗೂ ಬಂತು. ಬೀದಿಯಲ್ಲಿ ನಿಂತರೆ ಕನ್ನಡವಲ್ಲದೆ ಹಿಂದಿ, ಒಡಿಯಾ, ಬಂಗಾಳಿ ಎಲ್ಲವೂ ಕಿವಿಗೆ ಬೀಳುತ್ತವೆ. ಇಲ್ಲಿ ಮುಕ್ಕಾಲು ಪಾಲು ಜನ ಒಬ್ಬರಿಗೊಬ್ಬರು ಗುರುತಿಲ್ಲದವರೇ.

2020ನೆಯ ಇಸವಿ. ಮಾರ್ಚ್ 25, ಯುಗಾದಿ. ಹಬ್ಬದ ದಿನವೇ ದೇಶಕ್ಕೆಲ್ಲ ಬೀಗ ಬಿದ್ದದ್ದು ನಿಮಗೆ ನೆನಪಿದೆಯಲ್ಲವೆ? ಲಾರಿಗಳ ಸದ್ದು ನಿಂತುಹೋಯಿತು. ನಮ್ಮ ಮನೆ ಮಹಡಿಯ ಮೇಲೆ. ಕಿಟಕಿಗೆ ಎದುರಾಗಿ, ಲಾರಿಗಳನ್ನು ತೂಗುವ ವೇಬ್ರಿಡ್ಜೊಂದರ ಕಚೇರಿ, ಅದಕ್ಕೂ ಬೀಗ. ಎರಡು ಮೂರು ದಿನ ಕಳೆದ ಮೇಲೆ ಬೆಳಿಗ್ಗೆ ಎದ್ದು ನೋಡುತ್ತೇನೆ, ಆ ಕಚೇರಿಯ ಜಗುಲಿಯ ಮೇಲೆ ನಾಲ್ಕು ಜನ ಕುಳಿತಿದ್ದಾರೆ. ಒಬ್ಬ ಮುದುಕ, ಅವನ ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ. ಪಕ್ಕದಲ್ಲಿ ಬಟ್ಟೆಯ ಗಂಟು. ಗಂಟಿನ ಮೇಲೆ ಒಂದು ಕಿನ್ನರಿ.

ಕಿನ್ನರಿಯನ್ನು ಈಚಿನ ಮಕ್ಕಳು ಕಂಡಿರಲಾರರು. ಉದ್ದನೆಯ ದಂಡ, ಅದರ ಕೆಳಗೆ ಮೂರು ಸೋರೆ ಬುರುಡೆ, ಮೇಲೆ ತಂತಿ. ಅದನ್ನು ಮೀಟುತ್ತ ಅರ್ಜುನ ಜೋಗಿಯ ಕಥೆಯನ್ನು ಹಾಡುವವರು ಕಿನ್ನರಿ ಜೋಗಿಗಳು. ಇವರು ಶಿರಾದಿಂದಾಚೆಯ ಒಂದು ಹಳ್ಳಿಯವರು. ಯುಗಾದಿ, ರಾಮನವಮಿಯ ಕಾಲಕ್ಕೆ ಬೆಂಗಳೂರಿನ ಸುತ್ತಮುತ್ತ ನಾಲ್ಕು ಕಾಸು ಕಾಣುತ್ತದೆಂದು ಬಂದವರು. ಬಸ್ಸು ನಿಂತದ್ದರಿಂದ ಇಲ್ಲಿಯೇ ಸಿಕ್ಕಿಬಿದ್ದರು. ದಾಸನಪುರದ ಮಾರುಕಟ್ಟೆಗೆ ತರಕಾರಿ ಇಳಿಸಿ ಹಿಂದಿರುಗುತ್ತಿದ್ದ ಲಾರಿಯವನೊಬ್ಬ ಹತ್ತಿಸಿಕೊಂಡನಂತೆ. ದಾರಿಯಲ್ಲಿ ತಪಾಸಣೆಯಾಗಿ, ಗಾಬರಿಯಲ್ಲಿ ಇಳಿಯುವಾಗ ಕಿನ್ನರಿ ಕೆಳಕ್ಕೆ ಬಿತ್ತು. ಒಂದು ಬುರುಡೆ ಒಡೆದುಹೋಯಿತು, ತಂತಿ ಕಿತ್ತುಬಂತು.

ಇದನ್ನೆಲ್ಲ ನಾನು ಆಮೇಲೆ ತಿಳಿದದ್ದು. ಮೊದಲ ಮೂರು ದಿನ ನಾನು ಮಾಡಿದ್ದೇನು ಗೊತ್ತೆ? ಕಿಟಕಿಯ ಬಾಗಿಲನ್ನು ಅರ್ಧ ಮುಚ್ಚಿದೆ. ರೋಗದ ಭಯ. "ಅವರು ಎಲ್ಲಿಂದ ಬಂದವರೋ, ಸರ್ಕಾರದವರು ನೋಡಿಕೊಳ್ಳುತ್ತಾರೆ" ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಹೆಂಡತಿ, "ರೀ, ಒಂದು ಪಾತ್ರೆ ಅನ್ನ ಇಟ್ಟು ಬರಲೆ?" ಎಂದಾಗ, "ನಾಳೆ ನೋಡೋಣ ಇರು" ಎಂದೆ. ಮೂವತ್ತು ವರ್ಷ ದಾನ ತ್ಯಾಗಗಳ ಪಾಠ ಮಾಡಿದ ನಾಲಗೆ ಅದು!

ಆ ಮೂರು ದಿನವೂ ಜೋಗಿಗಳು ಉಪವಾಸವಿರಲಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಕಾರ್ಖಾನೆಯ ಕೆಲಸಗಾರರಿಗೆ ಮೆಸ್ಸು ನಡೆಸುವ ಹೆಂಗಸೊಬ್ಬಳಿದ್ದಾಳೆ. ಕಾರ್ಖಾನೆ ಮುಚ್ಚಿದ್ದರಿಂದ ಆಕೆಗೂ ಸಂಪಾದನೆಯಿಲ್ಲ. ತಿಂದವರಿಂದ ಬರಬೇಕಾದ ಬಾಕಿಯೇ ಬೇಕಾದಷ್ಟಿತ್ತು. ಆಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒಂದು ಡಬ್ಬಿಯನ್ನು ಜಗುಲಿಯ ಮೂಲೆಯಲ್ಲಿಟ್ಟು ದೂರ ಸರಿದು ನಿಲ್ಲುತ್ತಿದ್ದಳು. ಮುದುಕ ಕೈಮುಗಿದರೆ, "ಊಟ ಮಾಡು ಅಜ್ಜ, ಕೈಯೇನು ಮುಗೀತೀಯ" ಎನ್ನುವಳು. ವೇಬ್ರಿಡ್ಜಿನ ಕಾವಲುಗಾರ ನಲ್ಲಿಯ ಬೀಗ ತೆಗೆದುಕೊಟ್ಟ. ಯಾರೋ ಎರಡು ಕಂಬಳಿ ತಂದಿಟ್ಟರು. ಯಾರೆಂದು ಇಂದಿಗೂ ತಿಳಿಯದು. ನಾನು ಕಿಟಕಿಯ ಸಂದಿಯಿಂದ ಇದನ್ನೆಲ್ಲ ನೋಡಿದೆ. ನಾಲ್ಕನೆಯ ದಿನ ನಾಚಿಕೆ ತಡೆಯದೆ ಕೆಳಗಿಳಿದು ಹೋದೆ.

"ಏನಜ್ಜ, ಏನಾದರೂ ಬೇಕೆ?" ಎಂದು ಕೇಳಿದೆ. ಅಕ್ಕಿ ಕೇಳಬಹುದು, ದುಡ್ಡು ಕೇಳಬಹುದು ಎಂದು ನನ್ನ ಎಣಿಕೆ. ಮುದುಕ ಹೇಳಿದ: "ಹೊಟ್ಟಿಗೇನೂ ಕಮ್ಮಿಯಿಲ್ಲ ಸ್ವಾಮಿ, ಆ ಅವ್ವ ನೋಡ್ಕಂತವ್ಳೆ. ಕಿನ್ನರಿ ಮುಕ್ಕಾಗೈತೆ. ಹಾಡದೆ ಉಣ್ಣಾದು ಹೆಂಗೆ? ಒಂದು ಒಣಬುರುಡೆ ಸಿಕ್ಕೀತಾ?"

ಹಾಡದೆ ಉಣ್ಣುವುದು ಹೇಗೆ! ಭಿಕ್ಷುಕನೆಂದು ನಾನು ಎಣಿಸಿದ್ದವನು ಸಾಲಗಾರನಂತೆ ಚಡಪಡಿಸುತ್ತಿದ್ದ. ಉಂಡದ್ದಕ್ಕೆ ಪ್ರತಿಯಾಗಿ ಕೊಡಲು ಅವನಲ್ಲಿದ್ದದ್ದು ಹಾಡೊಂದೇ. ಅದೂ ಈಗ ಕಟ್ಟಿಹೋಗಿತ್ತು.

ಒಣಗಿದ ಸೋರೆ ಬುರುಡೆ ಅಂಗಡಿಯಲ್ಲಿ ಸಿಕ್ಕುವ ಪದಾರ್ಥವಲ್ಲ. ಕಾಯಿ ಬಳ್ಳಿಯಲ್ಲಿಯೇ ಬಲಿಯಬೇಕು, ತಿಂಗಳುಗಟ್ಟಲೆ ಒಣಗಬೇಕು. ಹಿಂದೆ ರೈತರ ಮನೆಗಳಲ್ಲಿ ಬಿತ್ತನೆಯ ಬೀಜವನ್ನು ಅಂಥ ಬುರುಡೆಗಳಲ್ಲಿ ತುಂಬಿಡುತ್ತಿದ್ದರು. ಅದು ನೆನಪಾಗಿ, ದಾಸನಪುರದ ಕಡೆಯ ಹಳ್ಳಿಯಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆ. ಅವನು ಮನೆಮನೆ ಕೇಳಿದ. ಒಬ್ಬ ಅಜ್ಜಿಯ ಅಟ್ಟದ ಮೇಲೆ ಒಂದು ಬುರುಡೆಯಿತ್ತು, ಅವರೆ ಬೀಜ ತುಂಬಿದ್ದು. ಆಕೆ ಬೀಜವನ್ನು ಮಡಕೆಗೆ ಸುರಿದು, ಬುರುಡೆಯನ್ನು ಸೆರಗಿನಿಂದ ಒರೆಸಿ ಕೊಟ್ಟಳಂತೆ. "ದುಡ್ಡೆಷ್ಟು ಅಜ್ಜಿ?" ಎಂದು ಹುಡುಗ ಕೇಳಿದ್ದಕ್ಕೆ, "ಜೋಗಪ್ಪನ ಕಿನ್ನರಿಗೆ ಅಂತೀಯ, ದುಡ್ಡು ಅಂತೀಯ. ಹೋಗೋ" ಎಂದು ಗದರಿದಳಂತೆ.

ಬುರುಡೆ ಬಂತು. ತಂತಿ? ಸಂಗೀತ ವಾದ್ಯಗಳ ಅಂಗಡಿಯೊಂದೂ ತೆರೆದಿರಲಿಲ್ಲ. ಅಷ್ಟರಲ್ಲಿ ನಮ್ಮ ಬೀದಿಯ ಒಂದು ಕೋಣೆಯಲ್ಲಿ ಆರು ಜನರೊಡನೆ ವಾಸವಿದ್ದ ಒಡಿಶಾದ ತರುಣನೊಬ್ಬ, ಜಗುಲಿಯ ಬಳಿ ದೂರದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಮುರಿದ ಕಿನ್ನರಿಯನ್ನು ದಿಟ್ಟಿಸುತ್ತಿದ್ದುದನ್ನು ನಾನು ಗಮನಿಸಿದೆ. ಅವನು ಸ್ಪ್ರಿಂಗು ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವನು. ಅರ್ಧ ಹಿಂದಿ, ಕಾಲು ಕನ್ನಡದಲ್ಲಿ ಅವನು ಹೇಳಿದ: ಅವರ ಊರಿನಲ್ಲಿಯೂ ಜೋಗಿ ಬರುತ್ತಾನೆ, ಅವನ ಕೈಯಲ್ಲೊಂದು ವಾದ್ಯವಿರುತ್ತದೆ, ಕೇಂದರಾ ಎಂದು ಅದರ ಹೆಸರು, ಅವನು ಹಾಡಿದರೆ ತಾಯಿ ಅಕ್ಕಿ ನೀಡುತ್ತಾಳೆ. ಮಾರನೆಯ ದಿನ ಮಾಲೀಕನನ್ನು ಕೇಳಿಕೊಂಡು, ಉಕ್ಕಿನ ಸಣ್ಣ ತಂತಿಯ ಒಂದು ಸುರುಳಿ ತಂದುಕೊಟ್ಟ. ಅಷ್ಟಕ್ಕೇ ಬಿಡಲಿಲ್ಲ. ಸಣ್ಣದು, ಅದಕ್ಕಿಂತ ದಪ್ಪದು ಎಂದು ಮೂರು ಬಗೆ ತಂದು, ಜೋಗಿ ಒಂದೊಂದನ್ನೇ ಬಿಗಿದು ಮೀಟಿ ನೋಡುವವರೆಗೂ ಕಾದು ಕುಳಿತ.

ಇಲ್ಲಿ ದೂರದ ಒಂದು ಸಂಗತಿಯನ್ನು ಹೇಳಿದರೆ ಅಪ್ರಸ್ತುತವಾಗದು. ಅಮೆರಿಕದಲ್ಲಿ ಬ್ಲೂಗ್ರಾಸ್ ಎಂಬ ಹಳ್ಳಿಗಾಡಿನ ಬೇರಿನ ಸಂಗೀತವೊಂದುಂಟು. ಅದರ ಮುಖ್ಯ ವಾದ್ಯಗಳಲ್ಲೊಂದಾದ ಬ್ಯಾಂಜೋ ಹುಟ್ಟಿದ್ದು ಸೋರೆ ಬುರುಡೆಯಿಂದಲೇ. ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಜನ ತಮ್ಮ ನೆನಪಿನಲ್ಲಿ ಹೊತ್ತು ತಂದ ವಾದ್ಯ ಅದು. ಈ ಸಂಗೀತದ ಪಿತಾಮಹನೆನಿಸಿದ ಬಿಲ್ ಮನ್ರೋ ಎಂಬಾತನ ಮ್ಯಾಂಡೊಲಿನ್ನನ್ನು 1985ರಲ್ಲಿ ಯಾರೋ ಅವನ ಮನೆಗೆ ನುಗ್ಗಿ ಚೂರುಚೂರು ಮಾಡಿದರು. ಅದನ್ನು ತಯಾರಿಸಿದ್ದ ಗಿಬ್ಸನ್ ಕಂಪನಿಯ ಕುಶಲಕರ್ಮಿಯೊಬ್ಬ ಒಂದೊಂದೇ ಚೂರನ್ನು ಅಂಟಿಸಿ, ಕೆಲವು ತಿಂಗಳಲ್ಲಿ ಅದನ್ನು ಮತ್ತೆ ನುಡಿಸುವಂತೆ ಮಾಡಿಕೊಟ್ಟ. ಮನ್ರೋ ಆ ವೇಳೆಗೆ ಜಗತ್ಪ್ರಸಿದ್ಧ. ಅವನ ವಾದ್ಯಕ್ಕೆ ಒಂದು ಕಾರ್ಖಾನೆಯೇ ಇತ್ತು. ನಮ್ಮ ಜೋಗಿಯ ಕಿನ್ನರಿಗೆ ಯಾವ ಕಂಪನಿ? ಅಟ್ಟದ ಮೇಲೆ ಬೀಜ ಕಾಯ್ದಿಟ್ಟ ಅಜ್ಜಿ ಒಬ್ಬಳು, ಸ್ಪ್ರಿಂಗು ಸುತ್ತುವ ಹುಡುಗ ಒಬ್ಬ. ಆದರೂ ಕೆಲಸ ನಡೆಯಿತು ನೋಡಿ.

ಮುದುಕ ಬುರುಡೆಯ ಬಾಯಿ ಕೊರೆದು, ದಂಡಕ್ಕೆ ಕಟ್ಟಿ, ಮೇಣ ಮೆತ್ತಿ, ತಂತಿ ಬಿಗಿದ. ಎರಡು ದಿನ ಹಿಡಿಯಿತು. ಮೂರನೆಯ ಸಂಜೆ ಜಗುಲಿಯ ಮೇಲೆ ಕುಳಿತು ಹಾಡಿದ. ಮಗ ದನಿಗೂಡಿಸಿದ, ಮೊಮ್ಮಗ ತಾಳ ಹಾಕಿದ. ಯಾರೂ ಹತ್ತಿರ ಹೋಗುವಂತಿರಲಿಲ್ಲ. ಅವರವರ ಮಹಡಿಯ ಮೇಲೆ, ಬಾಗಿಲಲ್ಲಿ, ಕಿಟಕಿಯಲ್ಲಿ ನಿಂತು ಕೇಳಿದರು. ವರ್ಷಗಟ್ಟಲೆ ಎದುರುಬದುರು ಮನೆಯಲ್ಲಿದ್ದು ಒಬ್ಬರ ಮುಖವನ್ನೊಬ್ಬರು ಸರಿಯಾಗಿ ನೋಡದಿದ್ದವರು ಅಂದು ಒಟ್ಟಿಗೆ ಒಂದು ಹಾಡು ಕೇಳಿದರು. ಹೊಸ ತಂತಿಯ ದನಿ ಮೊದಮೊದಲು ಸ್ವಲ್ಪ ಒರಟಾಗಿತ್ತು; ಆಮೇಲೆ ಪಳಗಿತು. ಕನ್ನಡ ಬಾರದ ಆ ಒಡಿಶಾದ ಹುಡುಗ ಕಥೆ ಮುಗಿಯುವವರೆಗೂ ಕದಲಲಿಲ್ಲ. ಮೆಸ್ಸಿನ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು, "ಇವತ್ತು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ" ಎಂದು ಒಳಗೆ ಹೋದಳು.

ಮೇ ತಿಂಗಳಲ್ಲಿ ಹೊರರಾಜ್ಯದ ಕೆಲಸಗಾರರನ್ನು ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ ಸೇರಿಸಿ ರೈಲುಗಳಲ್ಲಿ ಕಳುಹಿಸಿದರು. ಒಂದು ಬೆಳಿಗ್ಗೆ ಆ ಹುಡುಗನ ಕೋಣೆ ಖಾಲಿಯಾಗಿತ್ತು. ರಾತ್ರಿಯೇ ಕರೆ ಬಂದು ಹೊರಟುಹೋದರಂತೆ. ಜೋಗಿಗೆ ಹೇಳಲೂ ಹೊತ್ತಿರಲಿಲ್ಲ. ಅದೇ ತಿಂಗಳ 19ರಿಂದ ರಾಜ್ಯದೊಳಗೆ ಬಸ್ಸುಗಳು ಓಡತೊಡಗಿದವು. ಜೋಗಿಗಳೂ ಗಂಟು ಕಟ್ಟಿದರು. ಕಾವಲುಗಾರ ಅವರನ್ನು ಬಸ್ಸು ಹತ್ತಿಸಿ ಬಂದ. ನಾನೂ ಸ್ವಲ್ಪ ದುಡ್ಡು ಕೊಟ್ಟೆ. ಎಷ್ಟೆಂದು ಹೇಳುವುದಿಲ್ಲ, ಎಷ್ಟು ಕೊಟ್ಟಿದ್ದರೂ ಆ ಮೊದಲ ಮೂರು ದಿನ ತುಂಬಿಕೊಡುವಷ್ಟಾಗುತ್ತಿರಲಿಲ್ಲ.

ಎರಡು ವರ್ಷ ಕಳೆದ ಮೇಲೆ, ಯುಗಾದಿಯ ಹಿಂದುಮುಂದಿನಲ್ಲಿ, ಮುದುಕ ಮತ್ತೆ ಬಂದ. ಮಗ ಬಂದಿರಲಿಲ್ಲ, ಕಾರ್ಖಾನೆ ಕೆಲಸಕ್ಕೆ ಸೇರಿದನಂತೆ. ಮೊಮ್ಮಗ ಜೊತೆಗಿದ್ದ. ಮೆಸ್ಸಿನ ಮುಂದೆ ಹಾಡಿದ, ನಮ್ಮ ಮನೆಯ ಮುಂದೆ ಹಾಡಿದ. ಆಮೇಲೆ ಕೇಳಿದ: "ತಂತಿ ಕೊಟ್ಟ ಹುಡುಗ ಎಲ್ಲವ್ನೆ ಸ್ವಾಮಿ?" ನನಗೆ ತಿಳಿಯದು. ಹೆಸರು ಗೊತ್ತೆ? ನಾನು ಕೇಳಿರಲೇ ಇಲ್ಲ. ಆ ಕೋಣೆಯಲ್ಲಿ ಈಗ ಬೇರೆ ಯಾರೋ ಇದ್ದರು. ಸ್ಪ್ರಿಂಗಿನ ಕಾರ್ಖಾನೆ ಮುಚ್ಚಿ, ಅಲ್ಲಿ ಪ್ಲೈವುಡ್ ಮಳಿಗೆ ಬಂದಿತ್ತು. ಮುದುಕ ಕ್ಷಣ ಹೊತ್ತು ಸುಮ್ಮನಿದ್ದು, "ತೋರ್ಸಿ ಸ್ವಾಮಿ, ಯಾವ ಬಾಗ್ಲು?" ಎಂದ. ಕರೆದುಕೊಂಡು ಹೋಗಿ ತೋರಿಸಿದೆ. ಆ ಮಳಿಗೆಯ ಮುಂದೆ ನಿಂತು ಕಿನ್ನರಿ ಮೀಟಿ ಒಂದು ಪದ ಹಾಡಿದ. ಮಳಿಗೆಯವನು ಭಿಕ್ಷೆಗೆ ಬಂದವನೆಂದು ತಿಳಿದು ಹತ್ತು ರೂಪಾಯಿ ನೀಡಲು ಬಂದ. ಮುದುಕ ಕೈಮುಗಿದು, "ಬ್ಯಾಡ ಸ್ವಾಮಿ, ಇದು ಕೊಟ್ಟಿದ್ದರ ಪದ" ಎಂದು ಹೇಳಿ, ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು ಹೊರಟುಹೋದ.

ಪ್ರಿಯ ಶ್ರೋತೃಗಳೇ, ಹಿಂದಿನ ಬೆಂಚಿನ ಆ ಹುಡುಗನಿಗೆ ಮರುದಿನ ತರಗತಿಯಲ್ಲಿ ನಾನು ಈ ಕಥೆಯನ್ನೇ ಹೇಳಿದೆ. ಅತ್ತಿಮಬ್ಬೆಯ ದಾನ ಅದರಿಂದ ಸಣ್ಣದಾಗಲಿಲ್ಲ. ಮೆಸ್ಸಿನ ತಾಯಿಯೂ ಬೀಜದ ಅಜ್ಜಿಯೂ ಆಕೆಯ ವಂಶದವರೇ ಎಂದು ತೋರಿತು, ಅಷ್ಟೆ. ಕಥೆ ಕೇಳಿದ ಹುಡುಗ, "ನೀವ್ಯಾಕ್ ಸಾರ್ ಹೆಸರು ಕೇಳ್ಲಿಲ್ಲ?" ಎಂದ. ಈ ಸಲ ಗಂಟೆ ಹೊಡೆಯಲಿಲ್ಲ. ನಾನು ತಲೆ ತಗ್ಗಿಸಬೇಕಾಯಿತು.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಸಣ್ಣ ಬಿನ್ನಹ. ನಿಮ್ಮ ಬೀದಿಗೆ ಜೋಗಿ ಬಂದಾನು, ಓಲಗದವರು ಬಂದಾರು, ಏಕತಾರಿಯ ಮುದುಕಿ ಬಂದಾಳು. ಕಾಸು ಹಾಕಿ ಬಾಗಿಲು ಮುಚ್ಚಬೇಡಿ. ಒಂದು ಪದ ಪೂರ್ತಿ ಕೇಳಿ. ಯಾವ ಊರು, ಏನು ಹೆಸರು ಎಂದು ವಿಚಾರಿಸಿ. ಕಿಟಕಿಯ ಹಿಂದೆ ಮೂರು ದಿನ ನಿಂತವನೊಬ್ಬನ ಮಾತಿದು. ನೀವು ನಾಲ್ಕನೆಯ ದಿನದವರೆಗೆ ಕಾಯಬೇಡಿ.